ಅಕ್ಕನಿಗೆಂದು ಹಿತ್ತಿಲಲ್ಲಿ ಕಟ್ಟಿದ ಕೋಣೆ

ಅಕ್ಕ ಕಾಸರಗೋಡಿನಲ್ಲಿ ತನ್ನ ಬಚ್ಚಲಿನಲ್ಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಮಾರ್ಚ್ ತಿಂಗಳಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಲು ಕಲಿತ ದಿನವೇ ನನಗೆ ಫೋನು ಮಾಡಿದಳು.

"ತಮ್ಮಾ, ನಿನ್ನಲ್ಲಿಗೆ ಬರ್ತೇನೆ. ಆದ್ರೆ ಒಂದು ಮಾತು. ಬಚ್ಚಲಿಗೆ ಹೋಗ್ಲಿಕ್ಕೆ ನಾನು ಯಾರನ್ನೂ ಕರೆಯುದಿಲ್ಲ. ನಾನೇ ಹೋಗಿ ನಾನೇ ಬರುವ ಹಾಗೆ ಉಂಟಾ ಹೇಳು. ಇಲ್ಲದಿದ್ರೆ ಇಲ್ಲಿಯೇ ಒಂದು ವೃದ್ಧಾಶ್ರಮ ಉಂಟು. ಅಲ್ಲಿ ಜಾಗ ಇದೆಯಾ ಅಂತ ಕೇಳಿ ಆಗಿದೆ."

ಅಕ್ಕ ಹೆದರಿಸುವವಳಲ್ಲ. ಜಾಗ ಕೇಳಿ ಆಗಿದೆ ಎಂದರೆ ಕೇಳಿ ಆಗಿದೆ ಎಂದೇ ಅರ್ಥ. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ, ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ ಪೇಟೆಯಲ್ಲಿ ಒಂದು ಬಾಡಿಗೆ ಮನೆಯ ಮಾಳಿಗೆಯಲ್ಲಿ ಇದ್ದಳು. ನಾನು ಕಾನೂನು ಓದುವಾಗ ನಾವಿಬ್ಬರೂ ಒಂದೇ ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿದ್ದೆವು. ಓದುವವನಿಗೆ ಮೇಜು ಬೇಕು, ದೀಪ ಬೇಕು, ಮುಚ್ಚಿಕೊಳ್ಳಲು ಒಂದು ಬಾಗಿಲು ಬೇಕು ಎಂದು ಅವಳು ಮೂರು ವರ್ಷ ಅಡುಗೆಮನೆಯಲ್ಲಿ ಮಲಗಿದಳು. ಅದು ದೊಡ್ಡ ಸಂಗತಿ ಎಂದು ಅವಳು ಹೇಳಲಿಲ್ಲ, ನನಗೂ ಆಗ ಅನಿಸಲಿಲ್ಲ. ಓದಿದೆ, ಪಾಸಾದೆ, ಕೊಚ್ಚಿಗೆ ಬಂದೆ, ಎರ್ನಾಕುಳಂನ ಕೋರ್ಟಿನಲ್ಲಿ ವಕೀಲನಾಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡೆ. ಈಗ ಅವಳು ಆಶ್ರಮಕ್ಕೆ ಹೋದರೆ ಜನ ಏನು ಹೇಳುತ್ತಾರೆ ಎನ್ನುವುದು ಹಾಗಿರಲಿ, ನನ್ನ ಮುಖ ನನಗೇ ನೋಡಲಾಗುತ್ತಿರಲಿಲ್ಲ. ಅವಳು ನಮ್ಮ ಮನೆಯಲ್ಲೇ ಇರಬೇಕು ಎಂದು ನನಗೆ ನಿಜವಾಗಿಯೂ ಆಸೆಯಿತ್ತು.

ನಮ್ಮ ಮನೆ ಇರುವುದು ಕೊಚ್ಚಿಯ ಹೊರವಲಯದಲ್ಲಿ, ಅಂಬಲಮುಗಳ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ರಿಫೈನರಿಯ ಶಿಫ್ಟ್ ಬಸ್ಸುಗಳು ಓಡಾಡುವ ದಾರಿ. ಯಾರೋ ಕಟ್ಟಿಸಿದ ಮನೆಯನ್ನು ನಾವು ಹತ್ತು ವರ್ಷದ ಹಿಂದೆ ಕೊಂಡದ್ದು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಕೆಳಗೆ ಹಾಲ್, ಅಡುಗೆಮನೆ, ಅದರ ಹಿಂದೆ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಜಾಗ. ಇಲ್ಲಿಯವರು ಅದಕ್ಕೆ ವರ್ಕ್ ಏರಿಯಾ ಎನ್ನುತ್ತಾರೆ. ಕೆಳಗೆ ಇನ್ನೊಂದು ಕೋಣೆಯೂ ಇತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ವಕೀಲ ಮುಚ್ಚಿಟ್ಟ ಎನ್ನಬಾರದು. ಅದು ನನ್ನ ಆಫೀಸು. ಮುಂಬಾಗಿಲಿನ ಪಕ್ಕದಲ್ಲಿ, ಒಳ್ಳೆಯ ಗಾಳಿ ಬೆಳಕು, ಅದಕ್ಕೇ ಸೇರಿದ ಒಂದು ಬಚ್ಚಲು. ಒಳಗೆ ನನ್ನ ಮೇಜು, ನಾಲ್ಕು ಕಪಾಟು ಕಾನೂನು ಪುಸ್ತಕ, ಕಟ್ಟು ಕಟ್ಟು ಕೇಸಿನ ಕಾಗದ. ವಾರಕ್ಕೆ ಮೂರೋ ನಾಲ್ಕೋ ಜನ ಕಕ್ಷಿದಾರರು ಬಂದು ಕೂರುತ್ತಾರೆ.

ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಅಂದು ಊಟದ ಹೊತ್ತಿಗೆ ಒಂದೇ ಸಲ ಕೇಳಿದಳು, "ಆಫೀಸು ರೂಮು ಆಗುದಿಲ್ವಾ?" ನಾನು, "ಕಕ್ಷಿದಾರರನ್ನು ಎಲ್ಲಿ ಕೂರಿಸುದು, ಫೈಲುಗಳನ್ನು ಎಲ್ಲಿ ಇಡುದು, ಮುಂದಿನ ಬಾಗಿಲಲ್ಲಿ ಅಕ್ಕನಿಗೆ ಗಲಾಟೆ ಆಗುದಿಲ್ವಾ," ಎಂದು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಎಸೆದೆ. ಕೊನೆಯದ್ದು ಅಕ್ಕನ ಹಿತಕ್ಕಾಗಿಯೇ ಇದ್ದುದರಿಂದ ಅದರ ಮೇಲೆ ಯಾರೂ ಮಾತಾಡುವ ಹಾಗಿರಲಿಲ್ಲ. ಹೆಂಡತಿ ಸಾರು ಬಡಿಸಿದಳು. ವಾದ ಗೆದ್ದೆ.

ಗೆದ್ದ ಮೇಲೆ ಏನಾದರೂ ಮಾಡಬೇಕಲ್ಲ. ಹಿತ್ತಿಲಿಗೆ ಹೋಗಿ ನಿಂತೆ. ವರ್ಕ್ ಏರಿಯಾದ ಗೋಡೆಗೆ ತಾಗಿ ಹತ್ತಡಿ ಅಗಲ, ಹದಿನಾರಡಿ ಉದ್ದದ ಜಾಗ ಬಿದ್ದುಕೊಂಡಿತ್ತು. ಅಲ್ಲಿ ಒಂದು ಕೋಣೆ, ಕೋಣೆಗೆ ಹೊರಗಿನಿಂದ ಅವಳದೇ ಬಾಗಿಲು, ಒಳಗಡೆ ಹೊಸ್ತಿಲಿಲ್ಲದ ಬಚ್ಚಲು, ವಾಕರ್ ಉರುಳಿಸಿಕೊಂಡು ಹೋಗುವಂಥ ನೆಲ. ಎಲ್ಲ ಅಲ್ಲಿಯೇ ನಿಂತಲ್ಲಿ ಕಣ್ಣ ಮುಂದೆ ಬಂತು. ಮತ್ತು ಅದನ್ನು ನಾನೇ ಕಟ್ಟುತ್ತೇನೆ ಎಂದು ತೀರ್ಮಾನಿಸಿದೆ.

ಕಟ್ಟುವ ಹುಚ್ಚು ನನಗೆ ಮೊದಲಿನಿಂದ ಇದೆ. ಅಡುಗೆಮನೆಯ ಕಪಾಟು ನಾನೇ ಮಾಡಿದ್ದು, ಮೇಲಿನ ಬಾಲ್ಕನಿಗೆ ಟೈಲ್ಸ್ ನಾನೇ ಹಾಕಿದ್ದು, ಕಾಂಪೌಂಡಿನ ಗೇಟಿಗೆ ಪ್ರತಿ ಓಣಂಗೆ ಮೊದಲು ಬಣ್ಣ ನಾನೇ ಬಳಿಯುವುದು. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿದ ಕೇಸು ಮುಗಿದರೂ ಏನು ಮುಗಿಯಿತೆಂದು ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಒಂದು ಗೋಡೆ ಎದ್ದರೆ ಅದನ್ನು ತಟ್ಟಿ ನೋಡಬಹುದು. ಬೇಸಿಗೆ ರಜೆಯಲ್ಲಿ ಕೋರ್ಟು ಮುಚ್ಚುವುದಿತ್ತು. ಅಕ್ಕನಿಗೆ ಫೋನು ಮಾಡಿ, "ನನ್ನ ಕೈಯಾರೆ ನಿನಗೆ ಕೋಣೆ ಕಟ್ಟುತ್ತೇನೆ, ಮಳೆ ಹಿಡಿಯುವ ಮೊದಲು ಬಾ," ಎಂದೆ.

"ಕಟ್ಟುದಾ?" ಎಂದು ಕೇಳಿದಳು. "ಸರಿ. ಕಟ್ಟು."

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳು ಎರಡೂವರೆ ತಿಂಗಳು ತನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿದ್ದಳು. ಆ ಮನೆಯಲ್ಲಿ ಬಚ್ಚಲಿಗೆ ಹೋಗಲು ಯಾರನ್ನಾದರೂ ಕರೆಯಬೇಕಿತ್ತು. ಅದು ನನಗೆ ಗೊತ್ತಿತ್ತು. ನನ್ನ ಗೋಡೆಯ ಮುಂದೆ ಅದು ಸಣ್ಣ ವಿಷಯವಾಗಿ ಕಂಡಿತು.

ಇನ್ನು ತಪ್ಪಿನ ವಿಷಯ. ನಮ್ಮ ಊರಿನ ಕಡೆಯವರಿಗೆ ನೆಲವೆಂದರೆ ಕೆಂಪು. ಕಾಸರಗೋಡಿನಲ್ಲಿ ಎಲ್ಲಿ ಬೇಕಾದರೂ ಒಂದಡಿ, ಹೆಚ್ಚೆಂದರೆ ಎರಡಡಿ ಅಗೆಯಿರಿ, ಮುರಕಲ್ಲು, ಅಂದರೆ ಕೆಂಪುಕಲ್ಲು, ಸಿಗುತ್ತದೆ. ಪಿಕ್ಕಾಸು ಠಣ್ ಎನ್ನುತ್ತದೆ. ಅದರ ಮೇಲೆ ನೇರವಾಗಿ ಕಲ್ಲಿಟ್ಟುಕೊಂಡು ಹೋದರೆ ಮೂರು ತಲೆಮಾರು ಗೋಡೆ ಅಲ್ಲಾಡುವುದಿಲ್ಲ. ನಾನು ಹುಡುಗನಾಗಿದ್ದಾಗಿನಿಂದ ನೋಡಿದ ಎಲ್ಲ ಮನೆಗಳೂ ಹಾಗೇ ಎದ್ದವು. ಅಡಿಪಾಯ ಎನ್ನುವುದು ನಮಗೆ ದೇವರು ಮೊದಲೇ ಹಾಕಿಟ್ಟ ವಸ್ತು. ನಮ್ಮ ಹಿತ್ತಿಲಿನ ಮಣ್ಣೂ ಕೆಂಪಾಗಿತ್ತು. ಕೊಚ್ಚಿಯಲ್ಲಿ ಹತ್ತು ವರ್ಷ ಆ ಮಣ್ಣಿನ ಮೇಲೆ ಓಡಾಡಿ, ಅದರಲ್ಲಿ ಬಸಳೆ ನೆಟ್ಟು, ಅದು ಊರಿನದೇ ಮಣ್ಣು ಎಂದು ನನಗೆ ಒಳಗೊಳಗೇ ಒಂದು ಹೆಮ್ಮೆ.

ಒಂದೂವರೆ ಅಡಿ ಅಗೆದೆ. ಪಿಕ್ಕಾಸು ಠಣ್ ಎಂದಿತು. ನಾಲ್ಕು ಕಡೆ ಅಗೆದೆ, ಮೂರು ಕಡೆ ಠಣ್ ಎಂದಿತು. ಅಷ್ಟು ಸಾಕಾಯಿತು.

ಪಕ್ಕದ ಮನೆಯವರು ವಲ್ಲಾರ್ಪಾಡಂ ಬಂದರಿನಲ್ಲಿ ಕ್ರೇನ್ ನಡೆಸುವವರು. ನಾನು ಅವರನ್ನು ಚೇಟ್ಟನ್, ಅಂದರೆ ಅಣ್ಣ, ಎನ್ನುತ್ತೇನೆ, ಅವರು ನನ್ನನ್ನು ವಕ್ಕೀಲೇ ಎನ್ನುತ್ತಾರೆ. ನಮ್ಮೆರಡು ಹಿತ್ತಿಲುಗಳ ನಡುವೆ ಒಂದು ಸಣ್ಣ ಗೇಟಿದೆ. ಶಿಫ್ಟ್ ಮುಗಿಸಿ ಬಂದವರು ಆ ಗೇಟಿಗೆ ಒರಗಿ ನನ್ನ ಹೊಂಡವನ್ನು ನೋಡಿದರು.

"ವಕ್ಕೀಲೇ, ಅಡಿಯಲ್ಲಿ ಏನು ಹಾಕುತ್ತೀರಿ?" ಎಂದು ಮಲಯಾಳದಲ್ಲಿ ಕೇಳಿದರು.

"ಕೆಂಪುಕಲ್ಲು. ನಮ್ಮ ಕಡೆಯಿಂದ ಲಾರಿಯಲ್ಲಿ ಬರುತ್ತಿದೆ."

"ಅದು ಭಾರ. ಈ ಕೆಂಪುಮಣ್ಣು ಇಲ್ಲಿಯದ್ದಲ್ಲ. ಟಿಪ್ಪರಿನಲ್ಲಿ ತಂದು ಸುರಿದದ್ದು. ಇದೆಲ್ಲ ಗದ್ದೆಯಾಗಿತ್ತು, ನಾನು ಸಣ್ಣವನಿರುವಾಗ ಇಲ್ಲಿ ಬಾತುಕೋಳಿ ಬಿಡುತ್ತಿದ್ದರು. ಕೆಳಗೆ ಕಪ್ಪು ಕೆಸರು. ನಿಮ್ಮ ಮನೆ ನಿಂತಿರುವುದು ಪೈಲಿಂಗ್ ಮೇಲೆ, ಆಳಕ್ಕೆ ಇಳಿಸಿದ ಕಂಬಗಳ ಮೇಲೆ. ಇದಕ್ಕೂ ನಾಲ್ಕು ಪೈಲು ಹೊಡೆಸಿ, ಇಲ್ಲವಾದರೆ ಹಗುರಾಗಿ ಏನಾದರೂ ಮಾಡಿ."

ನಾನು ಪಿಕ್ಕಾಸಿನಿಂದ ಹೊಂಡದ ಅಡಿಯನ್ನು ಕುಟ್ಟಿ ತೋರಿಸಿದೆ. "ಕೇಳಿ, ಕಲ್ಲು."

ಅವರು ಬಗ್ಗಿ ಕೇಳಿದರು. "ಯಾವುದೋ ಹಳೆಯ ಕಟ್ಟಡದ ಕಾಂಕ್ರೀಟು ಇರಬಹುದು. ಮಣ್ಣಿನ ಜೊತೆ ಅದನ್ನೂ ತುಂಬುತ್ತಾರೆ."

ಕೆಂಪುಕಲ್ಲಿನ ವಿಷಯದಲ್ಲಿ ಕಾಸರಗೋಡಿನವನಿಗೆ ಕೊಚ್ಚಿಯ ನೀರಿನಲ್ಲಿ ಬೆಳೆದವರು ಬುದ್ಧಿ ಹೇಳುವುದೇ ಎಂದು ನನಗೆ ಸಿಟ್ಟು ಬಂತು. ನಕ್ಕು, "ನೋಡೋಣ ಚೇಟ್ಟಾ," ಎಂದೆ. ನಾಚಿಕೆಯ ಸಂಗತಿಯೆಂದರೆ ಈ ಜಾಗದ ದಾಖಲೆಗಳನ್ನು ಪರಿಶೀಲಿಸಿದವನು ನಾನೇ. ಹಳೆಯ ಕ್ರಯಪತ್ರದಲ್ಲಿ ಸ್ಪಷ್ಟವಾಗಿ 'ನಿಲಂ' ಎಂದು ಬರೆದಿತ್ತು. ಇಲ್ಲಿನ ಕಂದಾಯದ ಭಾಷೆಯಲ್ಲಿ ನಿಲಂ ಎಂದರೆ ಗದ್ದೆ. ನಾನದನ್ನು ಹಕ್ಕಿನಲ್ಲಿ ದೋಷವಿದೆಯೇ ಎಂದು ನೋಡಲು ಓದಿದ್ದೆ, ನೆಲ ಎಂಥದ್ದು ಎಂದು ತಿಳಿಯಲು ಓದಿರಲಿಲ್ಲ.

ಏಪ್ರಿಲ್, ಮೇ ಎರಡು ತಿಂಗಳು ನಾನು ಅಷ್ಟು ಸುಖವಾಗಿದ್ದದ್ದು ಬಹಳ ವರ್ಷಗಳ ಮೇಲೆ. ಬೆಳಿಗ್ಗೆ ಆರಕ್ಕೆ ಎದ್ದು ಲುಂಗಿ ಎತ್ತಿ ಕಟ್ಟಿದರೆ ಬಿಸಿಲು ಏರುವ ತನಕ ಕೆಲಸ, ಮತ್ತೆ ನಾಲ್ಕರಿಂದ ಕತ್ತಲಾಗುವ ತನಕ. ನೂಲು ಹಿಡಿದು, ತೂಗುಗುಂಡು ಬಿಟ್ಟು, ಒಂದೊಂದೇ ಕಲ್ಲನ್ನು ಎದೆಗೆ ಆನಿಸಿ ಎತ್ತಿ ಇಟ್ಟೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಮೂಲೆ ಕಟ್ಟುವುದನ್ನು ಕಲಿತೆ. ಚಾವಣಿಯ ಕಬ್ಬಿಣಕ್ಕೆ ಮಾತ್ರ ವೆಲ್ಡಿಂಗಿನವರು, ಪೈಪಿಗೆ ಪ್ಲಂಬರ್ ಬಂದರು. ಪರವಾನಗಿಯ ಅರ್ಜಿಯನ್ನು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ ಅದಕ್ಕೆ ಒಂದು ತಕರಾರೂ ಬರಲಿಲ್ಲ. ಬಚ್ಚಲಿನ ಬಾಗಿಲನ್ನು ಹೆಬ್ಬಲಸಿನ ಮರದಲ್ಲಿ ನಾನೇ ಮಾಡಿದೆ. ಈಗ ಎಲ್ಲರೂ ಪ್ಲಾಸ್ಟಿಕ್ ಬಾಗಿಲು ಹಾಕುತ್ತಾರೆ. ಅಕ್ಕನಿಗೆ ಪ್ಲಾಸ್ಟಿಕ್ಕೇ ಎಂದು ನಾನು ಒಪ್ಪಲಿಲ್ಲ. ಹೊರಗೆ ತೆರೆದರೆ ಮಂಚಕ್ಕೆ ತಾಗುತ್ತದೆಂದು ಒಳಗೆ ತೆರೆಯುವ ಹಾಗೆ ಕೂರಿಸಿದೆ. ಬೆರಳುಗಳು ಒಡೆದು, ಬೆನ್ನು ಹಿಡಿದು, ಕನ್ನಡಿಯಲ್ಲಿ ನೋಡಿಕೊಂಡರೆ ಮುಖವೂ ಕೆಂಪುಕಲ್ಲಿನದೇ ಆಗಿತ್ತು. ಆಫೀಸಿನ ಕೋಣೆಗೆ ಆ ಎರಡು ತಿಂಗಳು ನಾನು ಕಾಲೇ ಇಡಲಿಲ್ಲ ಎನ್ನಬಹುದು. ಅದು ಬೀಗ ಹಾಕಿಕೊಂಡು ತಂಪಾಗಿ ಇತ್ತು.

ನಮ್ಮ ಮಗಳು ತಿರುವನಂತಪುರದಲ್ಲಿ, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ಕೊಚ್ಚಿಯಲ್ಲೇ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಒಂದು ವಾರಾಂತ್ಯ ಬಂದವಳು ಅರ್ಧ ಎದ್ದ ಗೋಡೆಯನ್ನು ಸುತ್ತಿ ನೋಡಿ, "ಅತ್ತೆ ರಾತ್ರಿ ಇಲ್ಲಿ ಒಬ್ಬಳೇ ಮಲಗುವುದಾ?" ಎಂದು ಕೇಳಿದಳು. "ಅವಳಿಗೆ ಸ್ವತಂತ್ರವಾಗಿ ಇರಬೇಕಂತೆ," ಎಂದೆ. ಮಗಳು ನನ್ನ ಒಡೆದ ಬೆರಳುಗಳನ್ನು ನೋಡಿ ಮತ್ತೇನೂ ಹೇಳಲಿಲ್ಲ. ಹಾಗೆ ಪೆಟ್ಟಾದ ಕೈ ತೋರಿಸಿದರೆ ಯಾರ ಬಾಯಿ ಬೇಕಾದರೂ ಮುಚ್ಚಿಸಬಹುದು ಎಂದು ನನಗೆ ಆ ಬೇಸಿಗೆಯಲ್ಲಿ ತಿಳಿಯಿತು.

ಜೂನ್ ಮೊದಲ ವಾರ ಅಕ್ಕ ಬಂದಳು. ಕೋಣೆಯನ್ನು ಒಂದು ಸುತ್ತು ನೋಡಿದಳು. ಗೋಡೆ ಮುಟ್ಟಿದಳು, ಕಿಟಕಿ ತೆರೆದು ಮುಚ್ಚಿದಳು, ವಾಕರ್ ಹಿಡಿದು ಬಚ್ಚಲಿಗೆ ತಾನೇ ಹೋಗಿ ತಾನೇ ಬಂದಳು. "ಒಳ್ಳೆದು ಮಾಡಿದ್ದಿ," ಎಂದಳು. ನಾನು ಉಬ್ಬಿಹೋದೆ. ಆ ವಾರವಿಡೀ ಕೋರ್ಟಿನ ಕ್ಯಾಂಟೀನಿನಲ್ಲಿ ಸಿಕ್ಕಿದವರಿಗೆಲ್ಲ ಮೊಬೈಲಿನಲ್ಲಿ ಕೋಣೆಯ ಫೋಟೋ ತೋರಿಸಿದೆ.

ಆಮೇಲೆ ಮಳೆ ಹಿಡಿಯಿತು. ಹದಿನೈದು ದಿನವಾದಾಗ ಬಚ್ಚಲಿನ ಬಾಗಿಲು ಮೇಲಿನ ಮೂಲೆಯಲ್ಲಿ ತಾಗಲು ಶುರುವಾಯಿತು. ಮಳೆಗಾಲದಲ್ಲಿ ಮರ ಉಬ್ಬುವುದು ಸಹಜ. ಭಾನುವಾರ ಕೀಸುಳಿ ತೆಗೆದುಕೊಂಡು ಮೇಲಿನ ಅಂಚನ್ನು ಹೆರೆದೆ. ಮುಂದಿನ ಭಾನುವಾರ ಮತ್ತೆ ತಾಗಿತು, ಮತ್ತೆ ಹೆರೆದೆ. ಮೂರನೆಯ ಭಾನುವಾರ ನಾನು ಕೀಸುಳಿ ಹಿಡಿದು ಬಂದಾಗ ಅಕ್ಕ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದವಳು ಕನ್ನಡಕದ ಮೇಲಿಂದ ನೋಡಿದಳು.

"ಬಾಗಿಲು ಎಷ್ಟು ಉಳಿದಿದೆ ಇನ್ನು?" ಎಂದಳು.

"ಮರ ಉಬ್ಬಿದೆ ಅಕ್ಕ. ಮಳೆ."

"ಹೌದಾ."

ಜುಲೈಯಲ್ಲಿ ಹೊಸ ಗೋಡೆ ಹಳೆಯ ಮನೆಗೆ ಸೇರುವಲ್ಲಿ ಒಂದು ಗೆರೆ ಕಾಣಿಸಿತು. ಪುಟ್ಟಿ ತುಂಬಿ ಬಣ್ಣ ಹೊಡೆದೆ. ಮತ್ತೆ ಬಿಟ್ಟಿತು. ಮತ್ತೆ ತುಂಬಿದೆ. ಒಂದು ಸಂಜೆ ಅಕ್ಕ ಟಿವಿ ನೋಡಲು ಹಾಲಿಗೆ ಹೋಗಿದ್ದಾಗ ಅವಳ ಕೋಣೆಯ ಫ್ಯಾನ್ ರೆಗ್ಯುಲೇಟರ್ ಬದಲಿಸಲು ಹೋದೆ. ಕಿಟಕಿಯ ಪರದೆ ಸರಿಸಿದರೆ ಅದರ ಹಿಂದೆ, ನಾನು ನೋಡಿಯೇ ಇರದ ಇನ್ನೊಂದು ಬಿರುಕಿನ ಉದ್ದಕ್ಕೂ, ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗುರುತುಗಳು. ಪ್ರತಿಯೊಂದರ ಪಕ್ಕದಲ್ಲಿ ತಾರೀಕು. ಅದರ ಪಕ್ಕದಲ್ಲಿ ಎಷ್ಟು ಮಿಲಿಮೀಟರ್ ಎಂದು ಗಣಿತದ ಟೀಚರಿನ ದುಂಡು ಅಕ್ಷರ. ಬಂದ ನಾಲ್ಕನೆಯ ವಾರದಿಂದ ಅಳೆದಿದ್ದಾಳೆ. ಒಂದೇ ಒಂದು ಮಾತು ನನಗೆ ಹೇಳಿರಲಿಲ್ಲ.

ಬಂದದ್ದು ಸಿಟ್ಟೋ ಹೆದರಿಕೆಯೋ ನನಗೇ ತಿಳಿಯಲಿಲ್ಲ. ಆದರೆ ಮಾಡಿದ್ದು ಏನು ಎಂದು ಕೇಳಿ. ಪರದೆ ಮುಂಚಿನ ಹಾಗೆ ಎಳೆದೆ, ರೆಗ್ಯುಲೇಟರ್ ಬದಲಿಸಿದೆ, ಹೊರಗೆ ಬಂದೆ. ಓಣಂ ರಜೆಯಲ್ಲಿ ಇಂಜಿನಿಯರೊಬ್ಬರನ್ನು ಕರೆದು ತೋರಿಸೋಣ ಎಂದುಕೊಂಡೆ.

ಓಣಂಗೆ ಇನ್ನೂ ಎರಡು ವಾರವಿತ್ತು. ಅದೊಂದು ಬುಧವಾರ. ನಾನು ಕೋರ್ಟಿನಲ್ಲಿ, ಹೆಂಡತಿ ಕಚೇರಿಯಲ್ಲಿ. ಅಕ್ಕ ಹನ್ನೆರಡು ಗಂಟೆಗೆ ಸ್ನಾನಕ್ಕೆಂದು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. ಎಳೆದಳು, ಚಿಲಕಕ್ಕೆ ಮೈ ಒರೆಸುವ ಬೈರಾಸು ಸಿಕ್ಕಿಸಿ ಎಳೆದಳು. ಜಾಸ್ತಿ ಎಳೆದರೆ ತಾನೇ ಬೀಳುತ್ತೇನೆಂದು ತಿಳಿದು ನಿಲ್ಲಿಸಿದಳು. ಫೋನು ಮಂಚದ ಮೇಲಿತ್ತು. ಸ್ಟೂಲಿನ ಮೇಲೆ ಕೂತು ಸ್ಟೀಲಿನ ಚೊಂಬಿನಿಂದ ನೀರಿನ ಪೈಪನ್ನು ಬಡಿಯಲು ಶುರುಮಾಡಿದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಎರಡೂವರೆಗೆ ಪಕ್ಕದ ಮನೆಯ ಚೇಟ್ಟನ್ ಶಿಫ್ಟ್ ಮುಗಿಸಿ ಬಂದು ಬೈಕು ನಿಲ್ಲಿಸುವಾಗ ಆ ಸದ್ದು ಕೇಳಿತು. ಅವರು ನಡುವಿನ ಗೇಟಿನಿಂದ ಓಡಿಬಂದು, ಹೊರಗಿನ ಬಾಗಿಲಿಂದ ಒಳಹೊಕ್ಕು, ಬಚ್ಚಲಿನ ಬಾಗಿಲು ತಳ್ಳಿದರೆ ಅದು ಮಿಸುಕಲಿಲ್ಲ. ಕೊನೆಗೆ ತಮ್ಮ ಮನೆಯಿಂದ ಕಬ್ಬಿಣದ ಸಲಾಕೆ ತಂದು, ಚೌಕಟ್ಟನ್ನೇ ಗೋಡೆಯಿಂದ ಮೀಟಿ ಕಿತ್ತು ಅವಳನ್ನು ಹೊರಗೆ ತಂದರು. ಆಮೇಲೆ ನನಗೆ ಫೋನು ಮಾಡಿದರು.

ನಾನು ಕೋರ್ಟಿನ ಕರಿ ಕೋಟಿನಲ್ಲೇ ಬಂದೆ. ಅಕ್ಕ ಮಂಚದ ಮೇಲೆ ಕೂತಿದ್ದಳು. ಚೇಟ್ಟನ್ ಅವರ ಹೆಂಡತಿ ಒಂದು ಲೋಟ ಚಾ ಹಿಡಿದು ಪಕ್ಕದಲ್ಲಿದ್ದರು. ಅಕ್ಕನ ಅಂಗೈ ಚೊಂಬು ಬಡಿದು ಬಡಿದು ಕೆಂಪಾಗಿತ್ತು. ಯಾವತ್ತೂ ಯಾರನ್ನೂ ಕರೆಯುವುದಿಲ್ಲ ಎಂದವಳು ಎರಡೂವರೆ ಗಂಟೆ ಕರೆದಿದ್ದಳು, ಬಂದವರು ಪಕ್ಕದ ಮನೆಯವರು, ಮತ್ತು ಅವಳು ಒದ್ದೆ ಸೀರೆಯಲ್ಲಿದ್ದಳು. ನನಗೆ ಅಲ್ಲಿಯೇ ನೆಲದೊಳಗೆ ಇಳಿದುಹೋಗೋಣ ಎನಿಸಿತು. ಚೇಟ್ಟನ್ ತಮ್ಮ ಸಲಾಕೆ ತೆಗೆದುಕೊಂಡು ಹೋದರು. ಹೇಳಿದ್ದೆನಲ್ಲ ಎಂದು ಅವರು ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಅವರೆಲ್ಲ ಹೋದ ಮೇಲೆ ನಾನು ಮುರಿದ ಚೌಕಟ್ಟನ್ನು ಎತ್ತಿ ಗೋಡೆಗೆ ಒರಗಿಸಿ, "ನಾಳೆಯೇ ಇದನ್ನು ಸರಿ ಮಾಡ್ತೇನೆ. ಹೊರಗೆ ತೆರೆಯುವ ಹಾಗೆ ಮಾಡ್ತೇನೆ," ಎಂದೆ.

"ಬಾಗಿಲಿಗೆ ಎಂತ ಮಾಡಿಯೂ ಪ್ರಯೋಜನ ಇಲ್ಲ," ಎಂದಳು ಅಕ್ಕ. "ನೆಲ ಇಳೀತಾ ಉಂಟು. ಹದಿನಾಲ್ಕು ಮಿಲಿಮೀಟರ್ ಆಯ್ತು."

"ಗೊತ್ತಿದ್ದೂ ನೀನು ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಕಟ್ಟಿದ್ದಿ. ಹೇಗೆ ಹೇಳುದು?" ಅವಳು ಚಾ ಲೋಟವನ್ನು ಕೆಳಗಿಟ್ಟಳು. "ನಿನ್ನ ಆಫೀಸು ರೂಮು ಉಂಟಲ್ಲ, ಬಚ್ಚಲು ಇರುವಂಥದ್ದು. ನಾನು ಅವತ್ತು ಫೋನು ಮಾಡುವಾಗ ಅದನ್ನೇ ಮನಸ್ಸಿನಲ್ಲಿ ಇಟ್ಕೊಂಡು ಮಾಡಿದ್ದು. ಇದು ನಿನ್ನದೇ, ನಾಳೆಯೇ ಬಾ ಅಂತ ಹೇಳ್ತಿ ಅಂತ ಎಣಿಸಿದ್ದೆ. ನೀನು ಕಟ್ಟುತ್ತೇನೆ ಅಂದೆ. ಸರಿ, ಕಟ್ಟಲಿ ಅಂತ ಕಾದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಕ್ಕಳಿಗೆ ಲೆಕ್ಕ ಎಲ್ಲಿ ತಪ್ಪಿತು ಎಂದು ತೋರಿಸುವ ಹಾಗೆ ಹೇಳಿದಳು. ನಾಲ್ಕು ಕಪಾಟು ಸರಿಸಲು ಒಂದು ದಿನ ಸಾಕಾಗುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ನಾನು ಎರಡು ತಿಂಗಳು ಕಲ್ಲು ಹೊತ್ತಿದ್ದೆ, ಮತ್ತು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟಿದ್ದೆ. ಪ್ರೀತಿ ಇರಲಿಲ್ಲ ಎಂದಲ್ಲ. ಇತ್ತು. ಆದರೆ ನನ್ನ ಮೇಜು ಅಲ್ಲಾಡದಷ್ಟು ದೂರದಲ್ಲಿ ಇತ್ತು.

ಮರುದಿನ ನಾನು ಕೋರ್ಟಿಗೆ ಹೋಗಲಿಲ್ಲ. ಆಫೀಸಿನ ಕೋಣೆಯನ್ನು ಖಾಲಿ ಮಾಡಿದೆ. ಪುಸ್ತಕಗಳನ್ನೆಲ್ಲ ಮಹಡಿಗೆ ಹೊತ್ತೆ, ಮೇಜನ್ನು ವರಾಂಡಕ್ಕೆ ಎಳೆದೆ. ನಿಜಕ್ಕೂ ಒಂದೇ ದಿನ ಹಿಡಿಯಿತು, ಸಂಜೆ ಐದಕ್ಕೆ ಮುಗಿದೂ ಹೋಯಿತು. ಅಕ್ಕನ ಮಂಚವನ್ನು ಒಳಗೆ ತಂದು ಹಾಕಿದೆವು. ಅವಳು ಅಲ್ಲಿ ಮಲಗಿದ್ದು ಮೂರೇ ರಾತ್ರಿ.

ಶನಿವಾರ ಮಗಳು ಬಂದಳು. ಅಮ್ಮನಿಂದ ಎಲ್ಲವನ್ನೂ ಕೇಳಿಕೊಂಡು ಬಂದಿದ್ದಳು. ಮುರಿದ ಚೌಕಟ್ಟನ್ನು ನೋಡಿದಳು, ಪರದೆ ಸರಿಸಿ ಪೆನ್ಸಿಲಿನ ಗುರುತುಗಳನ್ನು ನೋಡಿದಳು. ಹೊಸ ಚೌಕಟ್ಟಿನ ಅಳತೆ ವಿವರಿಸಲು ಹೊರಟ ನನ್ನನ್ನು, "ಮತಿ ಅಪ್ಪಾ," ಎಂದು ತಡೆದಳು. ಸಾಕು ಎಂದರ್ಥ. ಆಮೇಲೆ ಅತ್ತೆಯ ಹತ್ತಿರ ಕೂತು, ತಡವರಿಸುತ್ತಾ, ಕನ್ನಡದಲ್ಲಿ ಹೇಳಿದಳು, "ಅತ್ತೆ, ನನ್ನ ಜೊತೆ ಬಾ. ನನ್ನ ಮನೆ ಕೆಳಗೆ ಉಂಟು. ಮೆಟ್ಟಿಲು ಇಲ್ಲ."

ಅವಳ ಬಾಯಿಂದ ಅಷ್ಟು ಉದ್ದ ಕನ್ನಡ ನಾನು ಕೇಳಿ ವರ್ಷಗಳಾಗಿತ್ತು. ಅಕ್ಕ ಅವಳ ಮುಖವನ್ನೇ ನೋಡಿ, "ಬರ್ತೇನೆ," ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕೋಣೆ ಖಾಲಿ ಮಾಡಿದ್ದೇನಲ್ಲ ಎಂಬ ಮಾತು ಬಾಯಿಯ ತನಕ ಬಂದು ನಿಂತಿತು. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಇಬ್ಬರೂ ಹೋದರು.

ಓಣಂ ಕಳೆದ ಮೇಲೆ ಒಂದು ಶನಿವಾರ ನಾನು ರೈಲು ಹತ್ತಿ ಕಳಕ್ಕೂಟಂಗೆ ಹೋದೆ. ಹೆಗಲ ಚೀಲದಲ್ಲಿ ಡ್ರಿಲ್ಲು, ಸ್ಕ್ರೂ, ಬಚ್ಚಲಿನ ಗೋಡೆಗೆ ಹಾಕಲು ಎರಡು ಸ್ಟೀಲಿನ ಹಿಡಿಗಳು. ಮನೆಯ ಮಾಲೀಕರ ಒಪ್ಪಿಗೆಯನ್ನು ಮಗಳ ಮೂಲಕ ಮೊದಲೇ ಪಡೆದಿದ್ದೆ. ಒಂದೇ ಮಲಗುವ ಕೋಣೆಯ ಸಣ್ಣ ಫ್ಲಾಟು ಅದು. ಆ ಕೋಣೆಯಲ್ಲಿ ಈಗ ಅಕ್ಕನ ಮಂಚ. ಹಾಲಿನಲ್ಲಿ ಸೋಫಾದ ಹಿಂದೆ ಒಂದು ಹಾಸಿಗೆ ಸುತ್ತಿಟ್ಟಿತ್ತು, ಅದರ ಮೇಲೆ ಮಗಳ ಲ್ಯಾಪ್‌ಟಾಪ್ ಚೀಲ. ಅಡುಗೆಮನೆಯ ಬಾಗಿಲಿಗೆ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಸಾಮಾನಿನ ಪಟ್ಟಿ ಅಂಟಿಸಿತ್ತು. ಕನ್ನಡದ್ದರಲ್ಲಿ ಕಾಗುಣಿತದ ತಪ್ಪುಗಳಿಗೆ ಅಕ್ಕ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಳು.

ಗೋಡೆ ತಟ್ಟಿ ನೋಡಿ, ಗಟ್ಟಿ ಇರುವಲ್ಲಿ ತೂತು ಕೊರೆದು, ಎರಡೂ ಹಿಡಿಗಳನ್ನು ಹಾಕಿದೆ. ಅಕ್ಕ ಬಂದು ಒಂದನ್ನು ಹಿಡಿದು ತನ್ನ ಇಡೀ ಭಾರ ಬಿಟ್ಟು ನೋಡಿದಳು. "ಇದು ನಿಂತಿತು," ಎಂದಳು.

ಕೈ ತೊಳೆದು ಬಂದು ಅವಳ ಎದುರು ಕೂತು ಹೇಳಿಯೇಬಿಟ್ಟೆ. ಬಿದ್ದುಹೋಗುವ ಮೊದಲು ಹಿತ್ತಿಲಿನ ಗೋಡೆಗಳನ್ನು ಇಳಿಸಿದ್ದೇನೆ. ಆಫೀಸಿನ ಕೋಣೆಗೆ ಮತ್ತೆ ಒಂದು ಕಾಗದವನ್ನೂ ತಂದಿಲ್ಲ, ಕಕ್ಷಿದಾರರು ವರಾಂಡದಲ್ಲಿ ಕೂರುತ್ತಾರೆ. ನನ್ನ ತಪ್ಪಾಯಿತು, ಬಾ.

"ನಾನು ಬರುದಿಲ್ಲ ತಮ್ಮಾ," ಎಂದಳು ಅವಳು. ದನಿಯಲ್ಲಿ ಬೇಸರವಿರಲಿಲ್ಲ. "ಇವಳು ನನಗೆ ಎಂತ ಕಟ್ಟಲೂ ಇಲ್ಲ. ಕಾರಿನಿಂದ ಇಳಿದದ್ದೇ ತನ್ನ ಹಾಸಿಗೆ ಎಳೆದು ಹೊರಗೆ ಹಾಕಿದಳು. ನಾನು ಚಪ್ಪಲಿ ಬಿಡುವುದರೊಳಗೆ ಆಯ್ತು ಅದು."

ನನ್ನ ಕಣ್ಣು ತುಂಬಿತು. ಶನಿವಾರಗಳಲ್ಲಿ ಬರುತ್ತಿರಲೇ ಎಂದು ಕೇಳಿದೆ. ಅಡುಗೆಮನೆಯ ಕಪಾಟಿನ ಒಂದು ಬಾಗಿಲು ಸಡಿಲವಾಗಿದೆ, ಮುಂದಿನ ವಾರ ಅದನ್ನು ನೋಡುತ್ತೇನೆ ಎಂದೆ.

"ಬಾ. ಆ ಚೀಲ ತರಬೇಡ," ಎಂದಳು ಅಕ್ಕ. "ಸುಮ್ಮನೆ ಬಂದು ಕೂತ್ಕೊ."

ಹೋಗುತ್ತಿದ್ದೇನೆ. ಊಟ ಮಾಡಿ, ಅವಳ ಮಂಚದ ಪಕ್ಕದ ಕುರ್ಚಿಯಲ್ಲಿ ಸಂಜೆಯ ರೈಲಿನ ತನಕ ಕೂರುತ್ತೇನೆ. ಸುಮ್ಮನೆ ಕೂರುವುದು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ.